ಸೊಣ್ಣಮ್ಮನ ಸೊಂಟಕ್ಕೆ ಹಚ್ಚಿದ ಪಟ್ಟಿ

ರಾಜಾನುಕುಂಟೆಯ ಚನ್ನಕ್ಕ ಏನನ್ನೂ ಎಸೆಯುವವಳಲ್ಲ. ಜಮೀನೆಲ್ಲ ಲೇಔಟ್ ಆಗಿ ಮಹಡಿ ಮನೆ ಎದ್ದ ಮೇಲೂ ರಾತ್ರಿ ಉಳಿದ ಮುದ್ದೆ ಬೆಳಿಗ್ಗೆ ಮಜ್ಜಿಗೆಯಲ್ಲಿ ಕರಗಲೇಬೇಕು.

ಗಂಡ ಮುನಿಶಾಮಪ್ಪನಿಗೆ ಮೂಳೆಗೆ ಹಬ್ಬಿದ ಕ್ಯಾನ್ಸರ್. ಮೊದಮೊದಲು ಟ್ರಮಡಾಲ್ ಮಾತ್ರೆಗೆ ನೋವು ಬಗ್ಗುತ್ತಿತ್ತು. ಅದು ಸೋತಾಗ ಮಾರ್ಫಿನ್ ಬಂತು. ನುಂಗುವುದೇ ಕಷ್ಟವಾದಾಗ ಎದೆಗೆ ಅಂಟಿಸುವ ಫೆಂಟನಿಲ್ ಪಟ್ಟಿ. ಮನೆಗೆ ಬರುವ ನರ್ಸ್ ರುಖ್ಸಾರ್ ಬಿಡಿಸಿ ಹೇಳಿದ್ದಳು: ಇದು ಮಾರ್ಫಿನ್‌ಗಿಂತ ಎಷ್ಟೋ ಪಟ್ಟು ಬಲದ್ದು, ಮಾರ್ಫಿನ್‌ಗೆ ಪಳಗಿದ ಮೈ ಮಾತ್ರ ತಡೆದೀತು, ಶಾಖ ತಾಗಿಸಬಾರದು, ತೆಗೆದ ಪಟ್ಟಿಯಲ್ಲೂ ಮದ್ದು ಉಳಿದಿರುತ್ತದೆ. ಚನ್ನಕ್ಕ ತಲೆಯಾಡಿಸಿದ್ದಳು. ಆದರೆ ಅವಳ ಕಣ್ಣಿಗೆ ಅದು ಅಂಗಡಿಯಲ್ಲಿ ಸಿಗುವ ಬೆನ್ನುನೋವಿನ ಪ್ಲಾಸ್ಟರೇ. ಗಂಡನ ಎದೆಯ ಮೇಲಿದ್ದು ಸತ್ವ ಕಳೆದುಕೊಂಡದ್ದು, ಪಾಪ, ಏನು ಮಾಡೀತು?

ತಂಗಿ ಸೊಣ್ಣಮ್ಮ ಸೊಂಟ ಹಿಡಿದುಕೊಂಡು ಬಂದಳು. ಚನ್ನಕ್ಕ ಅವತ್ತೇ ಕಿತ್ತ ಪಟ್ಟಿಯನ್ನು ಅವಳ ಸೊಂಟಕ್ಕೆ ಒತ್ತಿ, ಮೇಲೆ ಹುರಿದ ಉಪ್ಪಿನ ಗಂಟಿನಿಂದ ಶಾಖವನ್ನೂ ಕೊಟ್ಟಳು. ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡುವುದು ಎಂದರೆ ಇದೇ.

ಮಧ್ಯಾಹ್ನ ಸೊಣ್ಣಮ್ಮ ನಿದ್ದೆ ಹೋದಳು. ಗೊರಕೆ ದಪ್ಪವಾಗಿ, ಎಲ್ಲೋ ಬಾವಿಯೊಳಗಿಂದ ಬಂದಂತೆ ಬರುತ್ತಿತ್ತು. ತುಟಿಯ ಮೇಲೆ ನೊಣ ಕೂತರೂ ಅಲುಗಲಿಲ್ಲ. ಎಷ್ಟು ಹಾಯಾಗಿ ಮಲಗಿದ್ದಾಳೆ ಎಂದು ಚನ್ನಕ್ಕನಿಗೆ ಒಳಗೊಳಗೇ ಹೆಮ್ಮೆ.

ಮಂಚದಿಂದ ಮುನಿಶಾಮಪ್ಪ ಸಣ್ಣಗೆ ಕರೆದ. “ಗೊರ್ಕೆ ನಿಂತೋಯ್ತು ಕಣೇ. ಅವ್ಳನ್ನ ನೋಡು.”

ಸಾವು ಕಾಯುತ್ತಿದ್ದುದು ಅವನ ಮಂಚದ ಹತ್ತಿರ ಎಂದು ಎಲ್ಲರೂ ನಂಬಿದ್ದರು. ಚನ್ನಕ್ಕ ತಂಗಿಯ ಮೂಗಿನ ಹತ್ತಿರ ಕೈ ಹಿಡಿದಳು. ತಾನು ಮೂರು ಉಸಿರೆಳೆದರೂ ಅವಳದು ಒಂದೂ ಬರಲಿಲ್ಲ. ಆಮೇಲೆ ಒಂದು ಬಂತು, ತಣ್ಣಗೆ. ತುಟಿ ನೀಲಿ. ರೆಪ್ಪೆ ಬಿಡಿಸಿದರೆ ಕಣ್ಣಪಾಪೆ ಸಾಸಿವೆಗಿಂತ ಚಿಕ್ಕದು. ಚನ್ನಕ್ಕ ನರ್ಸ್‌ಗೆ ಫೋನ್ ಹಚ್ಚಿದಳು.

ಫೋನಿನಲ್ಲಿ ರುಖ್ಸಾರ್ ಒಂದೊಂದಾಗಿ ಹೇಳಿದಳು: ಪಟ್ಟಿ ಕೀಳಿ, ನೀರಲ್ಲಿ ಒರೆಸಿ, ಬಾಯಿಗೆ ಬಾಯಿಟ್ಟು ಊದಿ, ಆಂಬುಲೆನ್ಸ್ ಕಳಿಸುತ್ತೇನೆ, ಅದು ಬರುವ ತನಕ ಬಿಡಬೇಡಿ. ಚನ್ನಕ್ಕ ಬಿಡಲಿಲ್ಲ.

ಯಲಹಂಕದ ಆಸ್ಪತ್ರೆಯಲ್ಲಿ ಪಟ್ಟಿಯ ಮದ್ದನ್ನು ಮುರಿಯುವ ಇಂಜೆಕ್ಷನ್ ಬಿದ್ದದ್ದೇ ಸೊಣ್ಣಮ್ಮ ನರಳುತ್ತಾ ಕಣ್ಣು ಬಿಟ್ಟಳು. ಇಂಜೆಕ್ಷನ್ನಿನ ಬಲ ಬೇಗ ಇಳಿಯುತ್ತದೆ, ಚರ್ಮದಡಿಯ ಮದ್ದು ಇಳಿಯುವುದಿಲ್ಲ, ಮತ್ತೆ ಉಸಿರು ಮುಳುಗಬಹುದು, ಕಾಯಲೇಬೇಕು ಎಂದರು ಡಾಕ್ಟರು. ಚನ್ನಕ್ಕ ತಂಗಿಯ ಕೈ ಹಿಡಿದು, ನಿನ್ನನ್ನು ನಾನೇ ಕೊಲ್ಲುತ್ತಿದ್ದೆ ಎಂದು ಅತ್ತಳು.

ಸೊಣ್ಣಮ್ಮ ಗುರುತಿಲ್ಲದವರನ್ನು ನೋಡುವಂತೆ ಅವಳನ್ನು ನೋಡಿದಳು.

“ಅಲ್ಲಿ ನೋವೇ ಇರ್ನಿಲ್ಲ ಅಕ್ಕ. ನಾನೂ ಇರ್ನಿಲ್ಲ,” ಎಂದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು. “ಅಂತಾ ಪಟ್ಟಿ ಇನ್ನೊಂದು ಐತಾ?”