ಮಂಜೂರ್ ಸಮ ಮಾಡಿದ ಕೆನ್ನೆ

ಇಂದಿರಾನಗರದ ಆ ಆನಿಮೇಷನ್ ಕಂಪನಿಯಲ್ಲಿ ಮಂಜೂರನ ವಯಸ್ಸಿನವರು ಇನ್ನೊಬ್ಬರಿರಲಿಲ್ಲ. ಉಳಿದವರೆಲ್ಲ ಇಪ್ಪತ್ತೆರಡು, ಇಪ್ಪತ್ತಮೂರರ ಹುಡುಗರು. ಬಾಯ್ತುಂಬ 'ಮಂಜೂರ್ ಭಾಯ್' ಎನ್ನುವರು, ಊಟದ ಹೊತ್ತಿಗೆ ಮಾತ್ರ ತಮ್ಮ ಪಾಡಿಗೆ ಹೊರಟುಬಿಡುವರು. ಗೌರವ ಕೊಟ್ಟು ದೂರ ಇಡುವುದೆಂದರೆ ಇದೇ ಇರಬೇಕು. ಅವನು ಕಂಪ್ಯೂಟರಿನ ಮುಂದೆಯೇ ಡಬ್ಬಿ ಬಿಚ್ಚಿ ಒಬ್ಬನೇ ಉಣ್ಣುತ್ತಿದ್ದ.

ಹದಿನೈದು ವರ್ಷ ಅವನು ಶಿವಾಜಿನಗರದ ಗ್ಯಾರೇಜೊಂದರಲ್ಲಿ ಟಿಂಕರಿಂಗ್ ಮಾಡಿದವನು. ನೆಗ್ಗಿದ ಕಾರಿನ ಬಾಗಿಲನ್ನು ಒಳಗಿನಿಂದ ಮೆಲ್ಲಗೆ ತಟ್ಟಿ, ಅಂಗೈ ಆಡಿಸಿ, ನೀರು ಸವರಿ, ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ನೋಡುವನು. ಬೆಳಕಿನ ಗೆರೆ ಎಲ್ಲೂ ಮುರಿಯದಿದ್ದರೆ ಕೆಲಸ ಮುಗಿದಂತೆ. ತೊಂಬತ್ತೆಂಟರಲ್ಲಿ ಕಾರು ರಿಪೇರಿಗೆ ತಂದ ಕಂಪನಿಯ ಮಾಲೀಕರು ಇದನ್ನು ಅರ್ಧ ಗಂಟೆ ನಿಂತು ನೋಡಿ, "ಈ ಕಣ್ಣು ನಂಗೆ ಬೇಕು ಕಣ್ರೀ" ಎಂದು ಕರೆದುಕೊಂಡೇ ಹೋದರು. ಮೌಸ್ ಕೈಗೆ ಒಗ್ಗಲು ಆರು ತಿಂಗಳು ಹಿಡಿಯಿತು. ಅಷ್ಟರಲ್ಲಿ ಹೆಂಡತಿ ಶಕೀಲಾ ಅವನ ಮೌನಕ್ಕೆ ಬೇಸತ್ತು, ವಿಚ್ಛೇದನ ಪಡೆದು, ಮಗಳು ನಾಜಿಶ್‌ಳನ್ನು ಕರೆದುಕೊಂಡು ಕಮ್ಮನಹಳ್ಳಿಯ ಅಣ್ಣನ ಮನೆ ಸೇರಿದಳು. ತಿಂಗಳ ಮೊದಲ ಭಾನುವಾರ ಎರಡು ಗಂಟೆ, ಮಗಳಲ್ಲಿ ಅವನ ಪಾಲು ಅಷ್ಟೇ.

ಕಂಪ್ಯೂಟರಿನಲ್ಲಿ ಅವನ ಕೆಲಸ ಪಾತ್ರಗಳ ಮುಖ ರೂಪಿಸುವುದು. ಅದಕ್ಕೆ ಬಾಗುವ ಗೆರೆಗಳ ಬಲೆ ಹೆಣೆಯಬೇಕು. ಬಲೆಯ ಮೇಲೆ ಚರ್ಮ ತಾನಾಗಿ ಹರಡಿಕೊಳ್ಳುತ್ತದೆ. ಗೆರೆಗಳು ಕೂಡುವ ಒಂದು ಗಂಟು ಎಳೆದರೆ ಸುತ್ತಲಿನದೆಲ್ಲ ಕದಲುತ್ತದೆ. ಸುಕ್ಕು ಬಿದ್ದರೆ ಹುಡುಗರು ಇನ್ನೆರಡು ಗೆರೆ ಸೇರಿಸಿ ಸುಕ್ಕನ್ನು ಮತ್ತಷ್ಟು ಹೆಚ್ಚಿಸುವರು. ಮಂಜೂರ್ ಗೆರೆ ತೆಗೆಯುವನು. ಆಮೇಲೆ ಪರದೆಯೊಳಗೇ ಉದ್ದನೆಯ ಬಿಳಿ ದೀಪವೊಂದನ್ನಿಟ್ಟು, ಮುಖವನ್ನು ನಿಧಾನವಾಗಿ ತಿರುಗಿಸಿ ಬೆಳಕು ಹರಿಯುವುದನ್ನು ನೋಡುವನು.

ಎರಡು ಸಾವಿರದ ಒಂದರಲ್ಲಿ ವಿದೇಶದ ಟಿವಿ ಸರಣಿಯೊಂದಕ್ಕೆ ಪುಟ್ಟ ಹುಡುಗಿಯ ಮುಖ ಮಾಡುವ ಕೆಲಸ ಬಂತು. ಇಲ್ಲಿಯ ಕೇಬಲ್ಲಿನಲ್ಲೂ ಬರುವಂಥದ್ದು. ನಾಜಿಶ್ ನಕ್ಕರೆ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ. ಅದನ್ನೇ ಅವನು ಸರಣಿಯ ಹುಡುಗಿಯ ಎಡಗೆನ್ನೆಗೂ ಇಟ್ಟ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು ಎನ್ನುವಂಥ ಮನುಷ್ಯ ಆ ತಿಂಗಳ ಭಾನುವಾರ ರಸೆಲ್ ಮಾರುಕಟ್ಟೆಯ ಮುಂದೆ ನಿಂತು, ನಿನ್ನ ಗುಳಿ ಟಿವಿಯಲ್ಲಿ ಬರುತ್ತದೆ ಎಂದು ಮಗಳಿಗೆ ಎಲ್ಲ ಹೇಳಿಬಿಟ್ಟ.

"ಪಕ್ಕಾನಾ ಅಬ್ಬಾ?"

"ಪಕ್ಕಾ."

ಹದಿನೈದು ದಿನದ ಮೇಲೆ ತಂಡದ ಮುಖ್ಯಸ್ಥ ಲಕ್ಷ್ಮಿಕಾಂತ ತಿದ್ದುಪಡಿಯ ಪಟ್ಟಿ ಹಿಡಿದು ಬಂದ.

"ಮಂಜೂರ್ ಭಾಯ್, ಎಡಗಡೆ ಕೆನ್ನೆ ಒಳಗೆ ಹೋಗಿದೆಯಂತೆ. ಸ್ಮೂತ್ ಮಾಡ್ಬಿಡಿ."

"ಅದು ತಪ್ಪಲ್ಲ ಸರ್, ಗುಳಿ. ಬೇಕಂತ್ಲೇ ಇಟ್ಟಿದ್ದು."

"ಇರ್ಬಹುದು, ಕ್ಲೈಂಟ್‌ಗೆ ಬೇಡ್ವಂತೆ. ಇವತ್ತೇ ಕಳಿಸ್ಬೇಕು."

ಯಾರ ಗುಳಿ ಎಂದು ಲಕ್ಷ್ಮಿಕಾಂತ ಕೇಳಲಿಲ್ಲ. ಕೇಳಿದ್ದರೆ ಮಂಜೂರ್ ಹೇಳುತ್ತಿದ್ದನೋ ಏನೋ.

ಅರೆಬರೆ ಮಾಡಿ ಒಂದಿಷ್ಟು ಉಳಿಸಿಕೊಳ್ಳಬಹುದಿತ್ತು. ಬೇರೆಯವರಾಗಿದ್ದರೆ ಉಳಿಸಿಕೊಳ್ಳುತ್ತಿದ್ದರು. ಇವನ ಹಾಳು ಕೈಗೆ ಅರೆಬರೆ ಕೆಲಸ ಬರದು. ಮೂರು ಗೆರೆ ತೆಗೆದ, ನಾಲ್ಕು ಗಂಟುಗಳನ್ನು ಒಂದೇ ಮಟ್ಟಕ್ಕೆ ತಂದ, ದೀಪವಿಟ್ಟು ನೋಡಿದ. ಬೆಳಕು ಕೆನ್ನೆಯುದ್ದಕ್ಕೂ ಎಲ್ಲೂ ತಡೆಯದೆ ಹರಿಯಿತು. ಇಷ್ಟು ಚೆನ್ನಾಗಿ ಅವನು ಹಿಂದೆಂದೂ ಸಮ ಮಾಡಿರಲಿಲ್ಲ. ಅದಕ್ಕೇ ತನ್ನ ಮೇಲೆ ತನಗೇ ಸಿಟ್ಟು ಬಂತು. ಮಗಳಿಗೆ ಫೋನು ಮಾಡಿ ಹೇಳೋಣವೆಂದರೆ, ಎತ್ತುವವಳು ಶಕೀಲಾ.

ಸರಣಿ ಶುರುವಾದದ್ದು ಕೆಲವು ತಿಂಗಳ ಮೇಲೆ, ಒಂದು ಶನಿವಾರ ಬೆಳಿಗ್ಗೆ. ನಡುವಿನ ಭಾನುವಾರಗಳಲ್ಲಿ ಮಗಳಿಗೆ ಹೇಳಲು ಅವನಿಗೆ ಧೈರ್ಯ ಬಂದಿರಲಿಲ್ಲ. ಹಲಸೂರಿನ ಬಾಡಿಗೆ ಕೋಣೆಯಲ್ಲಿ ಅವನೊಬ್ಬನೇ ಕೂತು ನೋಡಿದ. ಆ ಹುಡುಗಿ ಎಷ್ಟು ಸಲ ನಕ್ಕರೂ ಕೆನ್ನೆ ಬೋಳಾಗಿಯೇ ಇತ್ತು.

ಮರುದಿನವೇ ಮೊದಲ ಭಾನುವಾರ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದ: ಅಳಿಸಿದವನು ನಾನೇ ಬೇಟಾ, ಕ್ಷಮಿಸು. ಬಾಯಿ ತೆರೆಯುವಷ್ಟರಲ್ಲಿ ನಾಜಿಶ್ ಓಡಿ ಬಂದಳು.

"ನೋಡ್ದೆ ಅಬ್ಬಾ! ಗುಳಿ ಕಾಣಿಸ್ತು. ಥೇಟ್ ನಂದೇ! ಮಾಮೂ ಮನೇಲಿ ಎಲ್ರಿಗೂ ತೋರಿಸ್ದೆ."

ಅವನ ಕೈ ಆಡಿದ ಕೆನ್ನೆಯಲ್ಲಿ ಗುಳಿ ಉಳಿದಿರಲು ಸಾಧ್ಯವೇ ಇರಲಿಲ್ಲ. ಒಂಬತ್ತು ವರ್ಷದ ಮಗು ಅಪ್ಪನಿಗೆ ನೋವಾಗಬಾರದೆಂದು ಸುಳ್ಳು ಹೇಳುತ್ತಿತ್ತು, ಅದೂ ಎಷ್ಟು ಸಲೀಸಾಗಿ. ಇದನ್ನು ಅವಳು ಯಾವಾಗ ಕಲಿತಳು, ಆಗ ತಾನೆಲ್ಲಿದ್ದೆ ಎಂದು ಮಂಜೂರನಿಗೆ ಅಳು ಒತ್ತರಿಸಿ ಬಂತು.

"ಎಲ್ರೂ ಏನಂದ್ರು?" ಎಂದು ಕೇಳಿದ.

"ತುಂಬಾ ಚೆನ್ನಾಗಿದೆ ಅಂದ್ರು" ಎಂದಳು ನಾಜಿಶ್, ಅವನ ಕೈ ಹಿಡಿದುಕೊಂಡು.