ಎಲ್ಲಿ ಮಲಗಿದ್ದೆ ಎಂದು ಕೇಳುತ್ತಿದ್ದವರು

ಎದುರುಮನೆಯ ಹುಡುಗಿ ವಸಂತನರಸಾಪುರದ ಯಾವುದೋ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾಳೆ. ಮೊನ್ನೆ ಊರಿಗೆ ಹೋಗಿ ಬಂದವಳು ಒಂದು ಸಣ್ಣ ಚೀಲ ತಂದುಕೊಟ್ಟಳು. "ಆಂಟಿ, ಗುಬ್ಬಿ ಕೊಬ್ರಿ. ನಮ್ ತೋಟದ್ದೇ." ಚೀಲದ ಬಾಯಿ ಬಿಚ್ಚಿದ್ದೇ ತಡ, ಅಡುಗೆಮನೆ ತುಂಬ ಆ ವಾಸನೆ… ಎಣ್ಣೆಯದು, ಒಣಗಿದ ಸಿಪ್ಪೆಯದು, ಜೊತೆಗಿಷ್ಟು ಧೂಳಿನದು. ನನ್ನ ಕಣ್ಣು ತುಂಬಿದ್ದು ನೋಡಿ ಪಾಪ ಆ ಹುಡುಗಿ ಗಾಬರಿಯಾದಳು. ನನಗೆ ಧೂಳು ಆಗಿಬರಲ್ಲ ಕಣೇ ಎಂದು ಸುಳ್ಳು ಹೇಳಿ ಕಳಿಸಿದೆ. ನನಗೆ ನೆನಪಾಗಿದ್ದವರು ನಮ್ಮ ವಾರ್ಡನ್ನಮ್ಮ.

ನಾನು ಬೆಳೆದದ್ದು ತುಮಕೂರಿನ ಒಂದು ಹೆಣ್ಣುಮಕ್ಕಳ ಆಶ್ರಮದಲ್ಲಿ. ಎಪ್ಪತ್ತರ ದಶಕದ ಮಾತು. ನಲವತ್ತು ಹುಡುಗಿಯರಿಗೆ ಒಂದೇ ಉದ್ದನೆಯ ಹಾಲ್, ಸಾಲಾಗಿ ಚಾಪೆ. ತುದಿಯವಳು ಮಗ್ಗುಲು ಬದಲಿಸಿದರೆ ಸಾಲಿಗೆ ಸಾಲೇ ಬದಲಿಸಬೇಕು. ದಸರಾ ರಜೆ, ಬೇಸಿಗೆ ರಜೆ ಬಂತೆಂದರೆ ಚಿಕ್ಕಮ್ಮನೋ ಸೋದರಮಾವನೋ ಇದ್ದವರು ಹೊರಟುಹೋಗುತ್ತಿದ್ದರು. ಯಾರೂ ಇಲ್ಲದ ನಾವು ಹನ್ನೊಂದು ಜನ ಗೇಟಿನ ಕಂಬಿ ಹಿಡಿದು ನಿಲ್ಲುತ್ತಿದ್ದೆವು. ಆ ನೋಟ ತಡೆಯಲಾಗದೆ ವಾರ್ಡನ್ನಮ್ಮ ಒಂದು ದಾರಿ ಹುಡುಕಿದರು. ರಜೆಯಲ್ಲಿ ನಮ್ಮನ್ನು ಒಬ್ಬೊಬ್ಬರನ್ನಾಗಿ ಯಾರಾದರೂ ಸಂಸಾರವಂದಿಗರ ಮನೆಗೆ ಕಳಿಸುವುದು.

ಅದಕ್ಕಾಗಿ ಒಂದೆರಡು ತಿಂಗಳ ಮೊದಲಿಂದಲೇ ಅವರ ಭಾನುವಾರಗಳೆಲ್ಲ ಗುಬ್ಬಿ ಬಸ್ಸಿನಲ್ಲೋ ಕುಣಿಗಲ್ ಬಸ್ಸಿನಲ್ಲೋ ಕಳೆಯುತ್ತಿದ್ದವು. ಕೈಯಲ್ಲಿ ಕೊಡೆ, ಕಂಕುಳಲ್ಲಿ ಕಂದು ರಟ್ಟಿನ ನೋಟ್‌ಬುಕ್ಕು. ಗೊತ್ತಿದ್ದ ಮನೆ, ಗೊತ್ತಿಲ್ಲದ ಮನೆ ಎನ್ನದೆ ಜಗಲಿಯ ಮೇಲೆ ಕೂತುಬಿಡುವರು. "ಒಂದು ಹೆಣ್ಮಗ, ಹತ್ತು ದಿನ. ನಿಮ್ ಮಕ್ಳು ಉಣ್ಣೋದೇ ಉಣ್ಲಿ. ಕೆಲಸಕ್ಕೆ ಅಂತ ಮಾತ್ರ ಕೇಳ್ಬೇಡಿ, ಕಳ್ಸಲ್ಲ." ಐವತ್ತರ ಆಸುಪಾಸಿನ, ಮದುವೆಯಾಗದ, ಗಂಟಲು ಜೋರಿನ ಹೆಂಗಸು. ಅವರೆದುರು ಇಲ್ಲ ಅನ್ನುವುದಕ್ಕೆ ಎಂಥವರಿಗೂ ಧೈರ್ಯ ಬೇಕಿತ್ತು.

ರಜೆ ಮುಗಿಸಿ ಬಂದ ದಿನ ನಮ್ಮನ್ನು ವರಾಂಡದಲ್ಲಿ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಎರಡು ಪ್ರಶ್ನೆ ಕೇಳುತ್ತಿದ್ದರು. ಏನು ತಿಂದೆ? ಎಲ್ಲಿ ಮಲಗಿದ್ದೆ? ಮೊದಲನೆಯದರ ಉತ್ತರಕ್ಕೆ ಅವರೇನೂ ಅಷ್ಟು ಗಮನ ಕೊಡುತ್ತಿರಲಿಲ್ಲ. ನೆಂಟರಿಗೆ ಯಾರಾದರೂ ಹೋಳಿಗೆ ಹಾಕುತ್ತಾರೆ ಎಂದು ಅಡುಗೆಯವಳ ಹತ್ತಿರ ಹೇಳುತ್ತಿದ್ದದ್ದು ನನ್ನ ಕಿವಿಗೂ ಬಿದ್ದಿತ್ತು. ಎರಡನೆಯ ಉತ್ತರಕ್ಕೆ ಮಾತ್ರ ಪೆನ್ಸಿಲು ಹಿಡಿದು ಕಾಯುವರು. ಮನೆಯವರ ಮಕ್ಕಳ ಜೊತೆ ಮಲಗಿದ್ದೆ ಎಂದರೆ ನೋಟ್‌ಬುಕ್ಕಿನಲ್ಲಿ ಆ ಮನೆಯ ಮುಂದೆ ಒಂದು ಗುರುತು. ಕೊಟ್ಟಿಗೆಯಲ್ಲಿ, ಹಿತ್ತಲ ಬಾಗಿಲಲ್ಲಿ, ಬೇರೆ, ಒಬ್ಬಳೇ ಎಂದರೆ ಕೆಂಪು ಗೆರೆ. ಗೆರೆ ಬಿದ್ದ ಮನೆಗೆ ಆಮೇಲೆ ಯಾವ ಮಗುವೂ ಹೋಗುತ್ತಿರಲಿಲ್ಲ.

ನನಗೆ ಒಂಬತ್ತು ತುಂಬಿದ ವರ್ಷ ದಸರೆಗೆ ಗುಬ್ಬಿಯ ಒಂದು ಮನೆ ಸಿಕ್ಕಿತು. ಬಸ್ ಸ್ಟ್ಯಾಂಡಿನ ಹಿಂದಿನ ಎರಡನೇ ಬೀದಿ, ಕೊಬ್ಬರಿ ವ್ಯಾಪಾರದ ಮನೆ. ಆ ಮನೆಯಾಕೆ ಮೊದಲ ದಿನವೇ "ನನ್ನನ್ನ ಅತ್ತೆ ಅನ್ನು" ಎಂದರು. ಅವರಿಗೆ ಇಬ್ಬರು ಹೆಣ್ಣುಮಕ್ಕಳು. ಅವತ್ತು ಮೂವರಿಗೂ ಪಡಸಾಲೆಯಲ್ಲಿ ಒಂದೇ ಹಾಸಿಗೆ. ಮಾರನೆಯ ದಿನ ನಾನು ಉಗ್ರಾಣ ಕಂಡುಹಿಡಿದೆ. ಮೇಲೆ ಅಟ್ಟದ ತುಂಬ ಒಣಗಲು ಹಾಕಿದ ತೆಂಗಿನಕಾಯಿ, ಕೆಳಗೆ ಗೋಡೆಗೊರಗಿಸಿದ ಮೂಟೆಗಳು, ನಡುವೆ ಒಂದು ಚಾಪೆಯಷ್ಟು ಜಾಗ. ಬಾಗಿಲಿಗೆ ಒಳಗಿನಿಂದ ಚಿಲಕ. ನಾನು ಆ ಚಿಲಕವನ್ನು ಹಾಕಿ ತೆಗೆದು, ಹಾಕಿ ತೆಗೆದು…

"ಅತ್ತೆ, ಇಲ್ಲಿ ಮಲ್ಕೊಳ್ಲಾ?" ಎಂದು ಕೇಳಿದೆ.

"ಇಲಿ ಓಡಾಡ್ತವೆ ಕಣೇ. ಒಬ್ಳೇ ಹೆದ್ರಲ್ವಾ?"

ಹೆದರಲ್ಲ ಅಂದೆ. ಅತ್ತೆ ನಕ್ಕು, ಗುಡಿಸಿ, ಹೊಸ ಚಾಪೆ ಹಾಸಿಕೊಟ್ಟರು. ನಲವತ್ತು ಜನರ ಉಸಿರು ಕೇಳುತ್ತಾ ಮಲಗಿದವಳಿಗೆ ಒಂದು ಬಾಗಿಲು ಸಿಕ್ಕಿತ್ತು. ಅಂಥ ಸುಖವನ್ನು ನಾನು ಆಮೇಲೆ ಕಂಡಿದ್ದು ಕಮ್ಮಿ. ಹಗಲು ಅತ್ತೆಯ ಜೊತೆ ಕೂತು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಕೊಬ್ಬರಿ ಒಣಗಿ ಚಿಪ್ಪು ಬಿಟ್ಟು ಲೊಟಲೊಟ ಅನ್ನುತ್ತಾ ಎಂದು ನೋಡುವುದು ಕಲಿತೆ. ಕದ್ದು ಕೊಬ್ಬರಿ ಚೂರು ತಿನ್ನುವುದನ್ನೂ ಕಲಿತೆ. ಹೊರಡುವ ಹಿಂದಿನ ದಿನ ಅತ್ತೆ ಸಂತೆಯಿಂದ ಹಳದಿ ಹೂವಿನ ಹಸಿರು ಬಟ್ಟೆ ತಂದು ನನ್ನ ಸೊಂಟಕ್ಕೆ ಹಿಡಿದು ನೋಡಿದರು. "ಬೇಸ್ಗೆ ರಜಕ್ಕೆ ಬಂದಾಗ ಲಂಗ ಹೊಲೀತೀನಿ. ಈಗ್ಲೇ ಹೊಲಿದ್ರೆ ಗಿಡ್ಡ ಆಗೋಗುತ್ತೆ. ಬರ್ತೀಯ ತಾನೇ?" ಬರ್ತೀನಿ ಅಂದೆ. ನನಗಾಗಿ ಒಂದು ಮನೆಯಲ್ಲಿ ಬಟ್ಟೆ ಕಾಯುತ್ತಿರುತ್ತದೆ ಎಂಬ ಹಿಗ್ಗಿನಲ್ಲಿ ಬಸ್ಸು ಹತ್ತಿದೆ.

ವರಾಂಡದಲ್ಲಿ ವಾರ್ಡನ್ನಮ್ಮ ಕೇಳಿದರು. "ಎಲ್ಲಿ ಮಲ್ಗಿದ್ದೆ?"

"ಉಗ್ರಾಣದಲ್ಲಿ, ಒಬ್ಳೇ," ಎಂದೆ, ಜಂಬದಿಂದ.

ಅವರ ಮುಖ ಬಿಗಿದುಕೊಂಡಿತು. ಪೆನ್ಸಿಲು ಓಡಿತು. ಅದು ಯಾವ ಬಣ್ಣದ್ದು ಎಂದು ನಾನು ಬಗ್ಗಿ ನೋಡಲಿಲ್ಲ.

ಬೇಸಿಗೆ ಬಂದಾಗ ನನ್ನ ಹೆಸರಿನ ಮುಂದೆ ಕುಣಿಗಲ್ ಹತ್ತಿರದ ಕೊತ್ತಗೆರೆ ಎಂದಿತ್ತು. "ಗುಬ್ಬಿಗೆ?" ಎಂದೆ. "ಆ ಮನೆ ಬೇಡ ಬುಡು" ಎಂದರು, ಅಷ್ಟೇ. ಆ ಕಾಲದಲ್ಲಿ ಮಕ್ಕಳಿಗೆ ಕಾರಣ ಹೇಳುವ ಪದ್ಧತಿ ಇರಲಿಲ್ಲ. ನಾನೇ ಕಾರಣ ಹುಡುಕಿಕೊಂಡೆ. ಕೊಬ್ಬರಿ ಕದ್ದದ್ದು ಅತ್ತೆಗೆ ಗೊತ್ತಾಗಿದೆ, ಕಳ್ಳಿ ನಮಗೆ ಬೇಡ ಎಂದಿದ್ದಾರೆ… ಕೊತ್ತಗೆರೆಯವರು ಒಳ್ಳೆಯವರೇ. ಕೊಯ್ಲಾದ ರಾಗಿ ಹೊಲದ ತುಂಬ ಓಡಾಡಲು ಬಿಟ್ಟರು, ಮಗಳ ಪಕ್ಕ ಮಲಗಿಸಿಕೊಂಡರು. ನಾನು ಮಾತ್ರ ಹತ್ತು ದಿನವೂ ಮುಖ ಊದಿಸಿಕೊಂಡೇ ಇದ್ದೆ. ಎರಡು ವರ್ಷ ಯಾರ ಮನೆಯಲ್ಲೂ ಅವರಾಗಿ ಕೈಗೆ ಕೊಡದೆ ಏನನ್ನೂ ಮುಟ್ಟಲಿಲ್ಲ. ಅಷ್ಟು ಸಣ್ಣ ವಯಸ್ಸಿಗೆ ಅಷ್ಟು ನಾಚಿಕೆ ಹೊತ್ತುಕೊಂಡು ತಿರುಗಿದ್ದು ನೆನೆದರೆ ನನ್ನ ಮೇಲೆ ನನಗೇ ಅಯ್ಯೋ ಅನಿಸುತ್ತದೆ.

ಏಳನೇ ಕ್ಲಾಸಿನಲ್ಲಿ ಸ್ಕೂಲಿನವರು ಬೇಲೂರು, ಹಳೇಬೀಡು ಪ್ರವಾಸ ಹಾಕಿದರು. ಆಶ್ರಮದ ಮಕ್ಕಳಿಗೆ ಏನಾದರೂ ಆದರೆ ಹೇಳುವವರು ಕೇಳುವವರು ಯಾರು ಎಂದು ಹೆಡ್ ಮಾಸ್ಟರು ಹಿಂದೇಟು ಹಾಕಿದರು. ವಾರ್ಡನ್ನಮ್ಮ ಮೂರು ದಿನ ಅವರ ಕೋಣೆಯ ಮುಂದೆ ಹೋಗಿ ಕೂತರು. ಕೊನೆಗೆ ಪೋಷಕರ ಸಹಿ ಎಂಬ ಜಾಗದಲ್ಲಿ ಆ ಕ್ಲಾಸಿನಲ್ಲಿದ್ದ ನಮ್ಮ ಐದು ಜನರದ್ದಕ್ಕೂ ತಾವೇ ಸಹಿ ಹಾಕಿ, "ನಾನಿದೀನಿ, ಬರ್ಕೊಳಿ" ಎಂದು ಬಂದರು. ಹೊರಡುವ ದಿನ ಬೇರೆ ಮಕ್ಕಳ ಬುತ್ತಿಗಿಂತ ನಮ್ಮದು ಕಡಿಮೆ ಕಾಣಬಾರದೆಂದು ಚಿತ್ರಾನ್ನದ ಮೇಲೆ ಕೊಬ್ಬರಿ ತುರಿದು ಹಾಕಿದರು. ನಾನು ನನ್ನ ಪಾಲಿನ ಕೊಬ್ಬರಿಯನ್ನೆಲ್ಲ ಕೆರೆದು ಪಕ್ಕದವಳ ಬುತ್ತಿಗೆ ಹಾಕಿದೆ.

ಬಸ್ಸು ಗುಬ್ಬಿಯಲ್ಲಿ ಪಂಕ್ಚರ್ ಆಯಿತು. ಎಲ್ಲರೂ ಕೆಳಗಿಳಿದರು. ನಾನು ಮೇಷ್ಟರ ಕಣ್ಣು ತಪ್ಪಿಸಿ ಎರಡನೇ ಬೀದಿಗೆ ಓಡಿದೆ. ಏನು ಹೇಳಬೇಕೆಂದು ಗೊತ್ತಿರಲಿಲ್ಲ. ಕದ್ದಿದ್ದು ತಪ್ಪಾಯಿತು ಅನ್ನಬೇಕು ಅಂದುಕೊಂಡಿದ್ದೆ ಅಂತ ಕಾಣುತ್ತದೆ. ಅತ್ತೆ ಜಗಲಿಯ ಮೇಲೆ ಕಾಯಿ ಆರಿಸುತ್ತಿದ್ದರು. ನನ್ನನ್ನು ನೋಡಿ ಎದ್ದೇಬಿಟ್ಟರು.

"ಎಷ್ಟುದ್ದ ಆಗ್ಬುಟ್ಟಿದೀಯೇ… ಯಾಕೆ ಬರ್ಲಿಲ್ಲ? ಎರಡು ಸಲ ಕಾಗದ ಹಾಕ್ದೆ. ಇನ್ಮೇಲೆ ನಿಮ್ಮನೆಗೆ ಮಕ್ಳು ಕಳ್ಸಲ್ಲ ಅಂತ ನಿಮ್ ವಾರ್ಡನ್ನಮ್ಮ ಬರುದ್ರು. ನಾವೇನ್ ಮಾಡಿದ್ವೇ ಅಂಥಾದ್ದು?"

ಅಷ್ಟರಲ್ಲಿ ಮೇಷ್ಟರು ಹುಡುಕಿಕೊಂಡು ಬಂದು ಕಿವಿ ಹಿಂಡಿ ಎಳೆದುಕೊಂಡು ಹೋದರು. ಬೇಲೂರಿನಲ್ಲಿ ಏನು ನೋಡಿದೆನೋ ದೇವರೇ ಬಲ್ಲ.

ವಾಪಸು ಬಂದವಳು ನೇರ ಆಫೀಸಿಗೆ ಹೋದೆ. ನಾನು ಮೊದಲಿಂದಲೂ ಮೊಂಡಿ, ಕೋಪ ಮೂಗಿನ ತುದಿಯಲ್ಲೇ. "ಅವರಿಗೆ ನಾನು ಬೇಕಾಗಿತ್ತು. ಬೇಡ ಅಂದಿದ್ದು ನೀವು" ಎಂದೆ.

ವಾರ್ಡನ್ನಮ್ಮ ಸಿಟ್ಟಾಗಲಿಲ್ಲ. ಕಂದು ರಟ್ಟಿನ ಪುಸ್ತಕ ತೆಗೆದು ಗುಬ್ಬಿಯ ಪುಟ ತೋರಿಸಿದರು. ಕೆಂಪು ಗೆರೆ, ಪಕ್ಕದಲ್ಲಿ 'ಉಗ್ರಾಣ, ಒಬ್ಬಳೇ.' "ತಮ್ ಮಕ್ಳನ್ನ ಹಾಸ್ಗೆ ಮೇಲೆ ಮಲಗ್ಸಿ, ನಿನ್ನ ಮೂಟೆ ಪಕ್ಕ ಹಾಕಿದ್ರಲ್ಲೇ."

"ನಾನೇ ಕೇಳ್ದೆ. ಅಲ್ಲಿ ಚಿಲಕ ಇತ್ತು."

ಅವರು ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡು ಆ ಸಾಲನ್ನು ಮತ್ತೊಮ್ಮೆ ಓದಿದರು. "ಅವತ್ತೇ ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ."

ಮುಂದಿನ ಭಾನುವಾರ ಅವರು ಗುಬ್ಬಿಗೆ ಹೋಗಿಬಂದರು. ಸಂಜೆ ನನ್ನನ್ನು ಕರೆದು, ಪೇಪರಿನಲ್ಲಿ ಸುತ್ತಿದ ಹಸಿರು ಬಟ್ಟೆ ಕೈಗಿಟ್ಟರು. "ತಪ್ಪು ನಂದೇ ಕಣೇ. ಅವ್ರಿಗೂ ಹಂಗೇ ಹೇಳ್ದೆ. ಮಗೀನ ಮೂಟೆ ಜೊತೆ ಮಲಗ್ಸೋ ಜನ ಅಂದ್ಕೊಂಡ್ರಾ ನಮ್ಮನ್ನ ಅಂತ ಅತ್ತುಬುಟ್ರು ಆಯಮ್ಮ. ಒಳಗೆ ಕರೀಲಿಲ್ಲ. ಜಗಲಿ ಮೇಲೇ ಈ ಬಟ್ಟೆ ಕೊಟ್ ಕಳ್ಸಿದ್ರು." ದೊಡ್ಡವರು ಒಬ್ಬರು ನನ್ನ ಮುಂದೆ ತಪ್ಪು ಒಪ್ಪಿಕೊಂಡದ್ದು ಅದೇ ಮೊದಲು. ಆದರೂ ನನ್ನ ಸಿಟ್ಟು ಇಳಿಯಲಿಲ್ಲ. ಆಶ್ರಮದ ಮಿಷಿನ್ನಿನಲ್ಲಿ ಅವರೇ ಆ ಬಟ್ಟೆಗೆ ಲಂಗ ಹೊಲಿದರು, ಸೊಟ್ಟಸೊಟ್ಟ, ಅಂಚು ಪೂರ್ತಿ ಬಿಚ್ಚಿದರೂ ಗಿಡ್ಡ. ನಾನು ಜಪ್ಪಯ್ಯ ಅಂದರೂ ಹಾಕಿಕೊಳ್ಳಲಿಲ್ಲ. ಅದು ಚಿಕ್ಕ ಹುಡುಗಿ ಯಾರಿಗೋ ಹೋಯಿತು. ಆ ವರ್ಷದಿಂದ ವರಾಂಡದಲ್ಲಿ ಮೂರನೆಯ ಪ್ರಶ್ನೆ ಒಂದು ಸೇರಿತು. ಅಲ್ಲಿ ಯಾಕೆ ಮಲಗಿದ್ದೆ?

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ನಾನು ತುಮಕೂರಿನಲ್ಲೇ ಟೀಚರ್ ಆಗಿದ್ದೆ. ಒಂದು ರೂಮು ಬಾಡಿಗೆಗೆ ಹಿಡಿದಿದ್ದೆ, ಒಳಗಿನಿಂದ ಚಿಲಕವಿದ್ದದ್ದು. ರಿಟೈರಾದ ವಾರ್ಡನ್ನಮ್ಮ ಕುಣಿಗಲ್ಲಿನಲ್ಲಿ ತಮ್ಮನ ಮನೆ ಸೇರಿದ್ದಾರೆ ಎಂದು ಕೇಳಿ ಒಂದು ಭಾನುವಾರ ನೋಡಲು ಹೋದೆ. ಅವರ ಆ ಜೋರು ಗಂಟಲು ಅಡಗಿಹೋಗಿತ್ತು. ತಮ್ಮನ ಹೆಂಡತಿ ಕಾಫಿ, ಚಕ್ಕುಲಿ ತಂದಿಟ್ಟು ಒಳಗೆ ಹೋದಳು. ಹಳೆಯ ಹುಡುಗಿಯರ ಸಮಾಚಾರವೆಲ್ಲ ಮುಗಿದ ಮೇಲೆ, ತಮಾಷೆಗೆಂದೇ ನಾನು ಕೇಳಿದೆ. "ಈಗ ನೀವು ಹೇಳಿ. ಎಲ್ಲಿ ಮಲಗ್ತೀರ?"

ಅವರು ಹಿತ್ತಲ ಕಡೆ ಕೈ ತೋರಿಸಿದರು. ಹೋಗಿ ನೋಡಿದೆ. ರಾಗಿ ಮೂಟೆ, ಮುರಿದ ಕುರ್ಚಿ, ನಡುವೆ ಒಂದು ಚಾಪೆ, ತಲೆಯ ಹತ್ತಿರ ಆ ಕೊಡೆ. ಬಾಗಿಲಿಗೆ ಚಿಲಕವೇ ಇರಲಿಲ್ಲ. ತಿರುಗಿ ಬಂದು ಬಾಯಿ ತೆರೆಯುವಷ್ಟರಲ್ಲಿ ಅವರೇ ಹೇಳಿದರು. "ನಾನೇ ಕೇಳ್ದೆ ಕಣೇ." ಹೇಳುವಾಗ ನನ್ನ ಮುಖ ನೋಡಲಿಲ್ಲ.

ನಾನು ಆ ಮಾತನ್ನು ನಂಬಿದಂತೆ ಮಾಡಿದೆ. ನನಗಿರುವುದೊಂದೇ ರೂಮು, ನಾಳೆ ಸ್ಕೂಲು, ಅವರ ಮನೆಯವರು ಏನೆಂದುಕೊಳ್ಳುತ್ತಾರೋ… ಆ ಗಳಿಗೆಗೆ ಎಲ್ಲ ನೆಪವೂ ಸರಿಯಾಗಿಯೇ ಕಂಡಿತು. "ದಸರಾ ರಜಕ್ಕೆ ಬಂದು ಕರ್ಕೊಂಡೋಗ್ತೀನಿ. ನಮ್ಮನೇಲಿ ಹತ್ತು ದಿನ ಇರಿ" ಎಂದೆ. ಅವರು ಚಿಕ್ಕ ಹುಡುಗಿಯ ಥರ ತಲೆಯಾಡಿಸಿದರು. "ಬರ್ತೀಯ ತಾನೇ?" ಎಂದರು.

ದಸರೆಗೆ ಮೂರು ವಾರವಿರುವಾಗ ಅವರು ತೀರಿಕೊಂಡರು. ನನಗೆ ಗೊತ್ತಾದದ್ದು, ರಜೆಯ ಮೊದಲ ದಿನ ಅವರನ್ನು ಕರೆತರಲು ಹೋಗಿ ಆ ಮನೆಯ ಬಾಗಿಲು ತಟ್ಟಿದಾಗ.

ಕೊಬ್ಬರಿಯ ಚೀಲವನ್ನು ಇನ್ನೂ ಡಬ್ಬಕ್ಕೆ ಸುರಿದಿಲ್ಲ. ಈಗ ನನ್ನ ಮನೆಯಲ್ಲಿ ಎರಡು ರೂಮಿದೆ, ಎರಡಕ್ಕೂ ಚಿಲಕವಿದೆ. ಕುಣಿಗಲ್ಲಿಗೆ ಹೋದ ಆ ಭಾನುವಾರ ನನ್ನ ಜಾಗದಲ್ಲಿ ಅವರಿದ್ದಿದ್ದರೆ ದಸರೆಗೆ ಕಾಯುತ್ತಿರಲಿಲ್ಲ. ಯಾರು ಏನೆಂದುಕೊಂಡರೂ ನನ್ನ ಕೈ ಹಿಡಿದು, ಅದೇ ಸಂಜೆಯ ತುಮಕೂರು ಬಸ್ಸಿಗೆ ಹತ್ತಿಸಿಕೊಂಡು ಬರುತ್ತಿದ್ದರು. ಆ ಬಸ್ಸನ್ನು ನಾನು ಒಬ್ಬಳೇ ಹತ್ತಿ ಬಂದೆ. ಕಿಟಕಿಯ ಪಕ್ಕ ಸೀಟೂ ಸಿಕ್ಕಿತ್ತು.