ಹಾರ್ಮನಿ ಗುಂಡಿ

ನಮ್ಮಕ್ಕ ಹಾಡುವಾಗ ಜನ ಅವಳ ಮುಖ ನೋಡುತ್ತಿದ್ದರು. ಪಕ್ಕದಲ್ಲಿ ಕೂತು ಅದೇ ಹಾಡನ್ನು ಸ್ವಲ್ಪ ಕೆಳಗಿನ ದನಿಯಲ್ಲಿ ಹಿಡಿಯುತ್ತಿದ್ದ ನನ್ನನ್ನು ಯಾರೂ ನೋಡುತ್ತಿರಲಿಲ್ಲ. ಅದಕ್ಕೆ ನನಗೇನೂ ಬೇಸರವಿರಲಿಲ್ಲ. ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಮಗ್ಗದ ಸದ್ದಿನ ನಡುವೆ ಚಿಕ್ಕಂದಿನಿಂದ ರೂಢಿಸಿಕೊಂಡ ಜೋಡಿ ನಮ್ಮದು. ಬಾವ ಕೀಬೋರ್ಡ್ ನುಡಿಸುತ್ತಿದ್ದರು, ಅಂದರೆ ಬಡಿಯುತ್ತಿದ್ದರು. ಮದುವೆಯೋ ತಿಥಿಯೋ, ಯಳಂದೂರಿನಿಂದ ರಾಮಾಪುರದವರೆಗೆ ಎಲ್ಲಿ ಕರೆದರೂ ಮೂವರೂ ಹೋಗುತ್ತಿದ್ದೆವು. ನಾನು ಹೊಸಿಲು ದಾಟುತ್ತಿದ್ದುದು ಅದಕ್ಕೊಂದಕ್ಕೇ.

ಹೋದ ವರ್ಷ ಬಾವ ಹೊಸ ಕೀಬೋರ್ಡ್ ತಂದರು. ಅದರಲ್ಲಿ ಹಾರ್ಮನಿ ಅಂತ ಒಂದು ಗುಂಡಿ. ಅದನ್ನು ಒತ್ತಿ ಬಲಗೈಯಲ್ಲಿ ಹಾಡು ನುಡಿಸಿದರೆ, ಒಂದೊಂದು ಸ್ವರಕ್ಕೂ ಇನ್ನೊಂದೆರಡು ಸ್ವರ ತಾನಾಗೇ ಜೊತೆಯಾಗುತ್ತದೆ.

"ನೋಡೇ, ನಿನ್ ಕೆಲ್ಸನ ಈ ಗುಂಡಿನೇ ಮಾಡ್ತದೆ. ಇದು ಕೆಮ್ಮಂಗಿಲ್ಲ, ಮೂತಿ ಊದುಸ್ಕಳಂಗಿಲ್ಲ" ಅಂದಳು ಅಕ್ಕ. ಬಾವ ನಕ್ಕರು. ನಾನೂ ನಕ್ಕೆ. ಹೊಟ್ಟೆ ಉರಿಯುತ್ತಿತ್ತು.

ಮಧ್ಯಾಹ್ನ ಅವರು ಮಲಗಿದ ಮೇಲೆ ಅದರ ಮುಂದೆ ಕೂತೆ. ಬಲಗೈಯ ಸ್ವರ ಅದೇ ಇದ್ದರೂ ಎಡಗೈಯ ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು, ಬದಲಾದರೆ ಜೊತೆಯ ಸ್ವರವೂ ಬದಲಾಗುತ್ತಿತ್ತು. ಆ ಪೆಟ್ಟಿಗೆಗೆ ಹಾಡೇ ಗೊತ್ತಿರಲಿಲ್ಲ! ಎಡಗೈ ಹೇಳಿದಂತೆ ಕೇಳುತ್ತಿತ್ತು, ಅಷ್ಟೆ. ಬಾವನ ಎಡಗೈಯೋ, ದೇವರಿಗೇ ಪ್ರೀತಿ. ಒಂದು ಬೆರಳಿಟ್ಟರೆ ಪೂರಾ ಕಾರ್ಡ್ ಬರುವ ಸೆಟ್ಟಿಂಗ್ ಹಾಕಿಕೊಂಡಿದ್ದರು. ಒಂದೇ ಬೆರಳಾದರೆ ಯಾವಾಗಲೂ ಮೇಜರ್, ಮದುವೆ ಮನೆಯ ಕಳೆ. ದುಃಖದ ಹಾಡಿಗೆ ಮೈನರ್ ಬೇಕಿದ್ದರೆ ಎಡಕ್ಕಿರುವ ಕರಿ ಕೀಯನ್ನೂ ಸೇರಿಸಿ ಒತ್ತಬೇಕು. ತಡಕಾಡಿ ಅದನ್ನು ಕಂಡುಕೊಂಡೆ. ಬಾವನಿಗೆ ಹೇಳಲಿಲ್ಲ. ಯಾಕೆ ಹೇಳಲಿ? ನಾಲ್ಕು ಜನರ ಮುಂದೆ ಮಾನ ಹೋಗಲಿ ಅಂತ ಕಾದೆ.

ಕಾಮಗೆರೆಯ ಒಂದು ತಿಥಿಯಲ್ಲಿ ಹೋಯಿತು. ಬಾಯಿ ಬಿಡಬಾರದು ಅನ್ನುವ ಕರಾರಿನ ಮೇಲೆ ನನ್ನನ್ನು ತಾಳ ಹಾಕಲು ಕರೆದೊಯ್ದಿದ್ದರು. ಸತ್ತ ಮುದುಕಿಯ ಫೋಟೋ ಮುಂದೆ ಅಕ್ಕ ಕರುಳು ಕಿತ್ತು ಬರುವಂತೆ ಹಾಡುತ್ತಿದ್ದರೆ, ಪಕ್ಕದಲ್ಲಿ ಕೀಬೋರ್ಡ್ ಬ್ಯಾಂಡ್ ಸೆಟ್ಟಿನಂತೆ ಹಲ್ಲು ಕಿರಿಯುತ್ತಿತ್ತು. ಮುದುಕಿಯ ಮಗ ಎದ್ದು ನಿಂತ.

"ಏನ್ರಯ್ಯಾ, ನಮ್ಮವ್ವ ಸತ್ತಿರದು ನಿಮ್ಗೆ ಬೀಗ್ರೂಟನಾ?"

ಬಾವ ಬೆವೆತುಹೋದರು. ಅಕ್ಕ ದಿಕ್ಕು ತೋಚದೆ ನನ್ನ ಕಡೆ ನೋಡಿದಳು. ಆಹಾ, ಆ ನೋಟಕ್ಕೆ ಎಷ್ಟು ಕಾದಿದ್ದೆ! ತಾಳ ಕೆಳಗಿಟ್ಟು, ಎಲ್ಲರಿಗೂ ಕಾಣುವ ಹಾಗೆ ಎದ್ದುಹೋಗಿ, ಬಾವನ ಎಡಗೈಯ ಎರಡು ಬೆರಳು ಹಿಡಿದು ಕೀಗಳ ಮೇಲೆ ಕೂರಿಸಿದೆ.

"ಈ ಕರಿದ್ನೂ ಸೇರ್ಸಿ ಒತ್ತಿ ಬಾವ. ನಾನು ತಲೆ ಆಡುಸ್ದಾಗ ಬುಡಿ."

ಅಕ್ಕ ಮತ್ತೆ ಮೊದಲಿನಿಂದ ಹಾಡಿದಳು. ಈ ಸಲ ಕೀಬೋರ್ಡ್ ಅವಳ ಜೊತೆಗೇ ಅತ್ತಿತು. ಮುದುಕಿಯ ಮಗ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. ನಾನು ಹಿಡಿಯುತ್ತಿದ್ದ ಜಾಗದಲ್ಲೇ ಆ ಕೆಳಗಿನ ಸ್ವರ ನಿಂತಿತ್ತು. ನಾನಿಲ್ಲದೆ ಇನ್ನು ಇವರು ಎಲ್ಲಿಗೂ ಹೋಗುವಂತಿಲ್ಲ ಅಂದುಕೊಂಡು ಬೀಗಿದೆ.

ವಾಪಸು ಬರುವಾಗ ಬಸ್ಸಿನಲ್ಲಿ ಬಾವ ತೊಡೆಯ ಮೇಲೆ ಎರಡು ಬೆರಳು ಒತ್ತಿ ಒತ್ತಿ ಅಭ್ಯಾಸ ಮಾಡುತ್ತಲೇ ಇದ್ದರು.

"ಬಂತಾ?" ಅಂತ ಅಕ್ಕ ಕೇಳಿದಳು.

"ಊಂ, ಬಂತು."

ಅಕ್ಕ ನನ್ನ ಕೈಗೆ ಒಂದು ಹಿಡಿ ಕಡ್ಲೆಕಾಯಿ ಹಾಕಿ, ಪ್ರೀತಿಯಿಂದಲೇ ಅಂದಳು:

"ಅಂಗಾರೆ ನಾಳೀಕೆ ಅನೂರ್ ತಿಥಿಗೆ ನಾವಿಬ್ರೇ ಓಯ್ತೀವಿ ಕಣೆ. ನೀನು ಮನೇಲಿರು."